ದಿಬ್ಬದ ದಾರಿ ಗುಡಿಸಿದ ದಿನ

ಶಾಲೆಗೂ ಸರಹದ್ದು ಇರುತ್ತದೆ ಅಂತ ನನಗೆ ಗೊತ್ತಾದದ್ದು ಮಗಳು ಎರಡನೇ ತರಗತಿಗೆ ಬಂದಾಗ. ಹೊಲಕ್ಕೆ ಇರುತ್ತದೆ, ಊರಿಗೆ ಇರುತ್ತದೆ, ಪೊಲೀಸ್ ಸ್ಟೇಷನ್ನಿಗೂ ಇರುತ್ತದೆ. ಆದರೆ ಚಿನ್ನದ ಗಣಿಯ ಊರು ಚಾಂಪಿಯನ್ ರೀಫ್ಸಿನ ನಮ್ಮ ಲೈನಿನಲ್ಲಿ, ಗಣಿ ಕೂಲಿಗಳ ಹಳೇ ಸಾಲುಮನೆಗಳಲ್ಲಿ, ಎದುರು ಸಾಲಿನ ಮಗು ಒಂದು ಶಾಲೆಗೆ, ನಮ್ಮ ಸಾಲಿನ ಮಗು ಇನ್ನೊಂದು ಶಾಲೆಗೆ ಅಂತ ಯಾರೋ ನಕ್ಷೆಯ ಮೇಲೆ ಗೆರೆ ಎಳೆದು ಕಳಿಸಿದ್ದರು. ಗೆರೆ ಎಳೆದವರು ಈ ಬೀದಿಯಲ್ಲಿ ಒಂದು ದಿನವಾದರೂ ಚಪ್ಪಲಿ ಸವೆಸಿದವರಲ್ಲ.

ಕಾರಣ ಕೇಳಿದರೆ ನಗು ಬರುತ್ತದೆ. ಮನೆಯ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಇಂಗ್ಲಿಷ್ ಮೀಡಿಯಂ ಶುರು ಮಾಡಿದರು. ಮಕ್ಕಳು ಮುಗಿಬಿದ್ದು ಸೇರಿದರು. ನಾವೂ ಸೇರಿಸಿದೆವು, ನನ್ನ ಗಂಡ ಫ್ಯಾಕ್ಟರಿಯಲ್ಲಿದ್ದರೂ ಕಾಂಟ್ರಾಕ್ಟ್ ಕೆಲಸ, ಕಾನ್ವೆಂಟಿನ ಫೀಸು ನಮ್ಮ ಕೈಗೆಟಕುವುದಿಲ್ಲ. ಮಕ್ಕಳು ಹೆಚ್ಚಾದ ಮೇಲೆ ಕೋಣೆ ಸಾಲದೆ ಹೋಯಿತು. ಅತ್ತ ದಿಬ್ಬದ ಆಚೆಯ ಶಾಲೆ ಹೊಸ ಬಣ್ಣ ಬಳಿಸಿಕೊಂಡು ಖಾಲಿ ಕೂತಿತ್ತು. ತುಂಬಿದ ಶಾಲೆಗೆ ಇನ್ನೆರಡು ಕೋಣೆ ಕಟ್ಟಿಸೋಣ ಅಂತ ಯಾರ ತಲೆಗೂ ಹೊಳೆಯಲಿಲ್ಲ. ಮಕ್ಕಳನ್ನೇ ಆ ಕಡೆ ದೂಡಿದರೆ ಆಯಿತಲ್ಲ!

ದಿಬ್ಬ ಅಂದರೆ ಮಣ್ಣಿನ ದಿಬ್ಬವಲ್ಲ. ಗಣಿ ನಡೆಯುತ್ತಿದ್ದ ಕಾಲದಲ್ಲಿ ಕಲ್ಲು ಅರೆದು ಸೈನೈಡ್ ಹಾಕಿ ಚಿನ್ನ ತೆಗೆದ ಮೇಲೆ ಉಳಿದ ಪುಡಿಯನ್ನು ಗುಡ್ಡೆ ಹಾಕಿದ್ದು. ಜನ ಅದನ್ನು ಸೈನೈಡ್ ದಿಬ್ಬ ಅನ್ನುತ್ತಾರೆ. ಗಾಳಿಗಾಲ ಬಂತೆಂದರೆ ಒಣಹಾಕಿದ ಬಟ್ಟೆ, ಮುಚ್ಚಿಟ್ಟ ಅನ್ನ, ಕಣ್ಣ ರೆಪ್ಪೆ ಎಲ್ಲದರ ಮೇಲೂ ಅದೇ ಪುಡಿ. ನನ್ನ ಮಗಳಿಗೆ ವೀಸಿಂಗ್ ಇದೆ. ಧೂಳು ಹೊಕ್ಕರೆ ಎದೆ ಕೊಯ್ ಕೊಯ್ ಅನ್ನುತ್ತದೆ, ಪಕ್ಕೆಲುಬು ಒಳಕ್ಕೆ ಹೋಗುತ್ತದೆ. ಅವಳನ್ನು ಧೂಳಿನಿಂದ ದೂರ ಇಡಿ ಎಂದಿದ್ದರು ಡಾಕ್ಟರು. ಈಗ ಹೊಸ ಶಾಲೆಗೆ ಹೋಗುವ ಕಾಲುದಾರಿ ಆ ದಿಬ್ಬದ ಬುಡದಲ್ಲೇ.

ಆ ದಾರಿಯನ್ನು ದಾರಿ ಅನ್ನಲು ನನಗೆ ಬಾಯಿ ಬರುವುದಿಲ್ಲ. ಲೈನಿನ ಮನೆಗಳಲ್ಲಿ ಅರ್ಧಕ್ಕರ್ಧ ಮನೆಗೆ ಕಕ್ಕಸಿಲ್ಲ. ಕತ್ತಲಿರುವಾಗಲೇ ಹೆಂಗಸರು ಚೊಂಬು ಹಿಡಿದು ಅಲ್ಲಿನ ಜಾಲಿ ಮರೆಗೆ ಹೋಗುತ್ತಾರೆ, ಬೆಳಕು ಹರಿದ ಮೇಲೆ ಗಂಡಸರು. ಅವರ ಹಿಂದೆಯೇ ಹಂದಿಗಳು. ಮೂಗು ಮುಚ್ಚಿಕೊಂಡು, ಕಾಲಿಡುವ ಜಾಗ ಹುಡುಕಿಕೊಂಡು ದಾಟಬೇಕು. ಆದರೆ ನನಗೆ ಅದಕ್ಕಿಂತ ಹೆಚ್ಚು ಅಸಹ್ಯ, ಅಷ್ಟು ಚಿನ್ನ ಹೊತ್ತುಕೊಂಡು ಹೋದ ಊರಿನಲ್ಲಿ ಒಂದು ಕಕ್ಕಸು ಕಟ್ಟದೆ ಬಿಟ್ಟವರ ಮೇಲೆ.

ನಮ್ಮ ಸಾಲಿನ ತಾಯಂದಿರೆಲ್ಲ ರೈಲು ಹತ್ತಿ ಬಂಗಾರಪೇಟೆಗೆ ಹೋಗಿ ಶಿಕ್ಷಣ ಇಲಾಖೆಯ ಒಬ್ಬ ಅಧಿಕಾರಿಯನ್ನು ಕಂಡೆವು. ಬೆಂಚೂ ಇಲ್ಲದ ಪಡಸಾಲೆಯಲ್ಲಿ ಮಧ್ಯಾಹ್ನದವರೆಗೂ ನಿಲ್ಲಿಸಿದರು. ಕೊನೆಗೆ ಒಳಗೆ ಕರೆದಾಗ ಆ ಸಾಹೇಬರು ತಲೆ ಎತ್ತದೆಯೇ, "ನಕ್ಷೆಯಲ್ಲಿ ಒಂದು ಕಿಲೋಮೀಟರ್ ಒಳಗೇ ಇದೆಯಲ್ಲಮ್ಮ, ರೂಲ್ಸ್ ಪ್ರಕಾರ ಸರಿಯಾಗಿದೆ" ಅಂದರು.

"ನಕ್ಸೆ ಮೇಲೆ ಮಕ್ಳು ನಡೀತಾವಾ ಸಾರ್?" ಅಂದೆ. ನಾನು ಕ್ಯಾಸಂಬಳ್ಳಿಯವಳು, ಸಿಟ್ಟು ಬಂದರೆ ಬಾಯಿಗೆ ಊರ ಮಾತೇ ಬರುತ್ತದೆ. "ಒಂದ್ಸಲ ಬಂದು ಆ ದಾರಿ ನೋಡಿ. ನಿಮ್ ಮಗೂನ ಅಲ್ಲಿ ಕಳಿಸ್ತೀರಾ ಅಂತ ನೀವೇ ಯೋಳಿ."

ಸಾಹೇಬರು ಕನ್ನಡಕ ತೆಗೆದರು. "ಆಯ್ತು, ಬುಧವಾರ ಬರ್ತೀನಿ. ಮಕ್ಕಳು ನಡೆಯೋ ಹಾಗಿಲ್ಲ ಅಂತ ನನಗೆ ಕಂಡರೆ ಗೆರೆ ಬದಲಾಯಿಸೋಣ."

ಅಷ್ಟು ಸಾಕಿತ್ತು ನಮಗೆ. ಆ ದಾರಿಯನ್ನು ಕಣ್ಣಿದ್ದವರು ಯಾರು ನೋಡಿದರೂ ಮುಗಿಯಿತು, ಇನ್ನೇನೂ ಮಾತಾಡಬೇಕಿಲ್ಲ. ಮಂಗಳವಾರ ಅಮ್ಮನಿಗೆ ಜ್ವರ ಅಂತ ಸುದ್ದಿ ಬಂದಾಗ ನಿಶ್ಚಿಂತೆಯಿಂದ ಮಗಳನ್ನು ಕರೆದುಕೊಂಡು ಊರಿಗೆ ಹೋದೆ. ಬುಧವಾರ ಮೊದಲ ಬಸ್ಸಿಗೆ ಹೊರಟು ಬಂದೆ.

ಬಂದು ನೋಡಿದರೆ ದಿಬ್ಬದ ದಾರಿ ಮದುವೆ ಮನೆಯ ಅಂಗಳದ ಹಾಗೆ ಗುಡಿಸಿತ್ತು. ಧೂಳು ಏಳದ ಹಾಗೆ ಉದ್ದಕ್ಕೂ ನೀರು ಚಿಮುಕಿಸಿದ್ದರು. ಜಾಲಿ ಕಡಿದು ಒಂದು ಬದಿಗೆ ಒಟ್ಟಿದ್ದರು. ಹಂದಿಗಳನ್ನು ಎಲ್ಲಿಗೆ ಅಟ್ಟಿದ್ದರೋ, ಒಂದೂ ಕಾಣಲಿಲ್ಲ. ನೆಲದ ಗಲೀಜನ್ನೆಲ್ಲ ಬಳಿದು ಮೇಲೆ ಬ್ಲೀಚಿಂಗ್ ಪುಡಿ ಎರಚಿದ್ದರು. ದಾರಿಯ ಬಾಯಲ್ಲಿ ದೊಡ್ಡ ರಂಗೋಲಿ. ಅದರ ಪಕ್ಕದಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿ ಕೈಯಲ್ಲಿ ಪೊರಕೆ ಹಿಡಿದು ನಿಂತಿದ್ದಳು. ಗಣಿಯಲ್ಲಿ ದುಡಿದು ಸತ್ತವನ ಹೆಂಡತಿ, ತಮಿಳು ಮನೆಮಾತಿನವಳು, ಲೈನಿಗೆಲ್ಲ ಪಾಟಿ, ಅಂದರೆ ಅಜ್ಜಿ. ಅವಳ ಮೊಮ್ಮಗಳು ನನ್ನ ಮಗಳ ಜೊತೆಯವಳೇ.

"ಏನ್ ಪಾಟಿ ಇದು? ಯಾರು ಗುಡಿಸಕ್ಕೇಳಿದ್ದು?" ಅಂದೆ.

"ಯಾರು ಏಳಬೇಕುಮ್ಮಾ? ಅಷ್ಟು ದೊಡ್ಡ ಆಫೀಸರ್ ನಮ್ ಲೈನ್‌ಗೆ ಬರ್ತಾರೆ. ಈ ಅಸಿಂಗದಲ್ಲಿ, ಈ ಗಲೀಜಲ್ಲಿ ಅವರನ್ನ ನಡೆಸಾದಾ? ನೋಡಿದ್ರೆ ಏನಂತಾರೆ ನಮ್ಮನ್ನ? ನಮ್ಗೆ ಮಾನ ಇಲ್ವಾ?"

"ಅದನ್ನ ನೋಡ್ಲಿ ಅಂತಾನೇ ಕರ್ದಿದ್ದು ಪಾಟಿ!"

ಅವಳು ನನ್ನನ್ನೇ ನೋಡಿದಳು. ಸುತ್ತ ನಿಂತಿದ್ದ ಹೆಂಗಸರೂ ನೋಡಿದರು, ಬಂಗಾರಪೇಟೆಗೆ ನನ್ನ ಜೊತೆ ಬಂದವರೂ ಪಾಟಿಯ ಮಾತಿಗೆ ಪೊರಕೆ ಹಿಡಿದಿದ್ದರು. ನಲ್ಲಿ ನೀರು ವಾರಕ್ಕೊಮ್ಮೆ ಬರುವ ಬೀದಿಯಲ್ಲಿ ಕುಡಿಯುವ ನೀರಿನ ಬಿಂದಿಗೆಗಳನ್ನೇ ಅವರು ಆ ಪುಡಿಯ ಮೇಲೆ ಸುರಿದಿದ್ದರು. ಹಿಂದಿನ ರಾತ್ರಿಯಿಡೀ ಬಗ್ಗಿದ ಸೊಂಟ ಇನ್ನೂ ನೆಟ್ಟಗಾಗಿರಲಿಲ್ಲ. ಮನೆಗೆ ದೊಡ್ಡವರು ಬರುತ್ತಾರೆಂದರೆ ಗುಡಿಸಿ ನೀರು ಹಾಕುವುದು ಅವರಿಗೆ ಉಸಿರಾಡಿದಷ್ಟೇ ಸಹಜ. ಅವರ ಮೇಲೆ ಸಿಟ್ಟು ಮಾಡಲು ನನ್ನಿಂದಾಗಲಿಲ್ಲ. ಅಷ್ಟರಲ್ಲಿ ಜೀಪು ಬಂತು.

ಸಾಹೇಬರು ರಂಗೋಲಿ ತುಳಿಯದ ಹಾಗೆ ಪಕ್ಕಕ್ಕೆ ಸರಿದು ಇಳಿದರು. ಪಾಟಿ ಎಳನೀರು ಕೊಟ್ಟಳು. ಅವರು ಅದನ್ನು ಹೀರುತ್ತ ಹಾಗೇ ಒಂದಿಷ್ಟು ದೂರ ನಡೆದರು, ಫೋನಿನಲ್ಲಿ ಫೋಟೋ ತೆಗೆಸಿದರು. ಜಾಲಿ ಒಟ್ಟಿಲಿನ ಪಕ್ಕದಲ್ಲಿ ನಿಂತು, "ಇಷ್ಟು ಚೆನ್ನಾಗಿದೆಯಲ್ರೀ! ನಮ್ಮ ಆಫೀಸಿನ ರಸ್ತೆಯೂ ಹೀಗಿಲ್ಲ" ಅಂದರು.

"ನಿನ್ನೆ ಇಂಗಿರ್ಲಿಲ್ಲ ಸಾರ್. ನೀವು ಬತ್ತೀರಂತ ಇವರು ರಾತ್ರಿ ಎಲ್ಲಾ ಗುಡಿಸವ್ರೆ. ನಾಳೆ ಹೇಳ್ದೆ ಬನ್ನಿ ನೋಡಾನ" ಅಂದೆ.

ಅವರು ನಕ್ಕರು. ಆ ಮನುಷ್ಯನಿಗೆ ಗೊತ್ತಿತ್ತು. ಒದ್ದೆ ನೆಲ, ಹಸಿ ಕೊಂಬೆ, ಬ್ಲೀಚಿಂಗ್ ವಾಸನೆ ಇಷ್ಟೂ ಮುಂದಿರುವಾಗ ಗೊತ್ತಾಗದಿರಲು ಆತ ಪೆದ್ದನಲ್ಲ. "ನೋಡಿಮ್ಮ, ನೀವೇ ಮನಸ್ಸು ಮಾಡಿದರೆ ಎಷ್ಟು ಚೊಕ್ಕಟವಾಗಿ ಇಟ್ಟುಕೊಳ್ಳಬಹುದು! ದಿನಾ ಹೀಗೇ ಇಟ್ಟುಕೊಳ್ಳಿ" ಅಂತ ಪಾಟಿಗೆ ಕೈಮುಗಿದು ಜೀಪು ಹತ್ತಿದರು. ಪಾಟಿಯ ಮುಖ ಅರಳಿತು. ಅದನ್ನು ನೋಡಿ ಆ ಸಾಹೇಬರ ಮೇಲೆ ನನಗಾದ ಹೇಸಿಗೆ ಆ ದಾರಿಯ ಯಾವ ಹೊಲಸಿನಿಂದಲೂ ಆಗಿರಲಿಲ್ಲ.

ಗೆರೆ ಇದ್ದಲ್ಲೇ ಉಳಿಯಿತು. ಗದಗದ ಕಡೆಯ ನನ್ನ ಗಂಡ ಶಿಫ್ಟ್ ಮುಗಿಸಿ ಬಂದು ಕಥೆ ಕೇಳಿ, "ಭಾಳ ಶಾಣ್ಯಾ ಅದಾನ ಸಾಹೇಬ" ಅಂದರು.

ಹೊಸ ಶಾಲೆ ಶುರುವಾದ ದಿನ ಪಾಟಿ ನಸುಕಿಗೇ ಎದ್ದು ಆ ದಾರಿಯನ್ನು ಮತ್ತೆ ಗುಡಿಸಿದಳು. ಸಾಹೇಬರು ಹೇಳಿದ್ದರಲ್ಲ! ನಾನೂ ಎರಡು ಬಿಂದಿಗೆ ನೀರು ಹೊತ್ತು ಚಿಮುಕಿಸಿದೆ, ಮಗಳ ಮೂಗಿಗೆ ಕರ್ಚೀಫು ಕಟ್ಟಿ ಕಳಿಸಿದೆ. ಆದರೆ ಬಿಸಿಲೇರುವ ಹೊತ್ತಿಗೆ ನೆಲ ಒಣಗಿ ಗಾಳಿ ಎದ್ದಿತು. ಸಂಜೆ ನಾವಿಬ್ಬರೂ ದಾರಿಯ ತುದಿಯಲ್ಲಿ ಕಾಯುತ್ತಿದ್ದೆವು. ಮಕ್ಕಳು ತಲೆಯಿಂದ ಕಾಲಿನವರೆಗೆ ಬೆಳ್ಳಗಾಗಿ ಬಂದರು. ಮಗಳ ಎದೆಯ ಸದ್ದು ದೂರದಿಂದಲೇ ಕೇಳುತ್ತಿತ್ತು. ಅವಳನ್ನು ಎತ್ತಿಕೊಂಡು ವೀಸಿಂಗಿನ ಔಷಧಿಯ ಪಂಪು ಬಾಯಿಗೆ ಹಿಡಿದೆ. ಪಾಟಿ ಸೆರಗಿನಿಂದ ಅವಳ ರೆಪ್ಪೆ ಒರೆಸಿದಳು.

ಉಸಿರು ಒಂದಿಷ್ಟು ಹದಕ್ಕೆ ಬಂದ ಮೇಲೆ ಮಗಳು ಹೇಳಿದಳು, "ಅಮ್ಮಾ, ಮಿಸ್ಸು ನಮ್ ಲೈನ್ ಮಕ್ಕಳನ್ನೆಲ್ಲ ಹಿಂದೆ ನೆಲದ ಮೇಲೆ ಕೂರ್ಸಿದ್ರು. ಗಲೀಜಾಗಿ ಬರಬೇಡಿ, ಗುಡಿಸೋದು ತೊಳೆಯೋದು ಹೆಂಗಂತ ಮನೇಲಿ ಯಾರೂ ಹೇಳ್ಕೊಟ್ಟಿಲ್ವಾ ಅಂದ್ರು."

ಪಾಟಿಗೆ ಕನ್ನಡ ಚೆನ್ನಾಗಿಯೇ ಅರ್ಥವಾಗುತ್ತದೆ. ಮಗುವಿನ ಮುಖ ಒರೆಸುತ್ತಿದ್ದ ಅವಳ ಕೈ ಅಲ್ಲೇ ನಿಂತಿತು.