ಡೈನಮೋಗೆ ಮೆತ್ತಿದ ಗಂಧ

ತೇಯ್ದ ಗಂಧ ಹಸಿಯಿದ್ದಾಗ ಎಷ್ಟು ತಂಪೋ ಒಣಗಿದ ಮೇಲೆ ಅಷ್ಟೇ ಮೊಂಡು ಎಂಬುದನ್ನು, ಓದುಗ ಮಿತ್ರರೇ, ನಾನು ದೇವರ ಕೋಣೆಯಲ್ಲಿ ಕಲಿಯಲಿಲ್ಲ, ನಮ್ಮ ಹಳೆಯ ವ್ಯಾನಿನ ಬಾನೆಟ್ಟಿನ ಕೆಳಗೆ ಕಲಿತೆ.

ಐವತ್ತರ ದಶಕದಲ್ಲಿ ನಾವು ಚೆಂಬೂರಿನ ಮನೆಯಲ್ಲಿ ಹಪ್ಪಳ, ಉಪ್ಪಿನಕಾಯಿ ಮಾಡಿ ಗ್ರಾಂಟ್ ರೋಡಿನ ಹೋಟೆಲುಗಳಿಗೆ ಆ ವ್ಯಾನಿನಲ್ಲಿ ಮುಟ್ಟಿಸುತ್ತಿದ್ದೆವು. ಅದು ನಿಂತರೆ ನಮ್ಮ ಅನ್ನವೂ ನಿಂತಂತೆ. ಆ ವರ್ಷ ಯಜಮಾನರು ಕಾಲು ಮುರಿದುಕೊಂಡು ಹಾಸಿಗೆ ಹಿಡಿದಿದ್ದರಿಂದ ವ್ಯಾನ್ ಓಡಿಸುತ್ತಿದ್ದವಳು ನಾನೇ, ಆಯುಧಪೂಜೆಗೆ ಸಿಂಗರಿಸಿದವಳೂ ನಾನೇ. ಬ್ಯಾಟರಿ ತುಂಬಿ ಬೆಳಕು ಕೊಡುವ ಡೈನಮೋಗೆ ಹೆಚ್ಚಿನ ಮರ್ಯಾದೆ ಸಲ್ಲಲೆಂದು ಅದರ ತಗಡಿನ ಪಟ್ಟಿ ಸರಿಸಿ ಕಿಂಡಿಗಳಿಗೆಲ್ಲ ಧಾರಾಳವಾಗಿ ಗಂಧ ಮೆತ್ತಿದ್ದೆ. ಮರುದಿನದಿಂದ ಚಾರ್ಜಿನ ಮುಳ್ಳು ಏಳಲಿಲ್ಲ. ಬ್ಯಾಟರಿ ಎರಡು ದಿನಕ್ಕೊಮ್ಮೆ ಮಲಗತೊಡಗಿತು.

ಪರೇಲಿನ ಗ್ಯಾರೇಜಿನ ಮಿಸ್ತ್ರಿ ಮುಟ್ಟಿಯೂ ನೋಡದೆ, “ಡೈನಮೋ ಖತಮ್, ಬಾಯೀ” ಎಂದ. ಯಜಮಾನರ ಅಣ್ಣನಿಗೆ ಅಷ್ಟೇ ಸಾಕಾಯಿತು.

“ನಾಳೆ ಬೆಳಿಗ್ಗೆ ಒಬ್ಬರು ನೋಡ್ಲಿಕ್ಕೆ ಬರ್ತಾರೆ, ವ್ಯಾನ್ ಮಾರಿಬಿಡುವ, ಸುಮತಿ. ಇದೆಲ್ಲ ಹೆಂಗಸರಿಗೆ ಆಗುವ ಕೆಲಸ ಅಲ್ಲ.”

ನನಗೆ ಮೈಯೆಲ್ಲ ಉರಿಯಿತು. ಪೂಜೆಗೆ ಹೆಂಗಸಿನ ಕೈ ಬೇಕು, ಸ್ಪ್ಯಾನರ್ ಹಿಡಿಯಲು ಮಾತ್ರ ಬೇಡ ಎನ್ನುವುದು ಯಾವ ಸೀಮೆಯ ನ್ಯಾಯ? ಯಂತ್ರವೇನು ಬಳೆ ನೋಡಿ ಮುನಿಸಿಕೊಳ್ಳುತ್ತದೆಯೇ?

ಅದೇ ಮಧ್ಯಾಹ್ನ ಸೆರಗು ಸಿಕ್ಕಿಸಿ ಬಾನೆಟ್ ಎತ್ತಿದೆ. ಕಿಟಕಿಯ ಪಕ್ಕದ ಮಂಚದಿಂದ ಯಜಮಾನರು, “ಮೊದಲು ಬೆಲ್ಟ್ ಬಿಗಿ ಉಂಟಾ ನೋಡು. ಮತ್ತೆ ಡೈನಮೋದ ಎರಡೂ ವಯರ್ ಬಿಚ್ಚು, ಆ ಎರಡು ತುದಿಯನ್ನು ಒಟ್ಟು ಸೇರಿಸಿ, ಅಲ್ಲಿಂದ ವ್ಯಾನಿನ ಕಬ್ಬಿಣಕ್ಕೆ ಬಲ್ಬ್ ಹಿಡಿ” ಎಂದರು. ಬೆಲ್ಟ್ ಬಿಗಿಯಾಗಿಯೇ ಇತ್ತು. ಅವರು ಹೇಳಿದಂತೆ ವಯರ್ ಸೇರಿಸಿ, ಬಲ್ಬ್ ಇಟ್ಟು ಎಂಜಿನ್ ಎಬ್ಬಿಸಿದೆ. ಅದು ನಿಧಾನವಾಗಿ ತಿರುಗಿತು, ಬಲ್ಬ್ ಹೊತ್ತಲಿಲ್ಲ. ಅಂದರೆ ದೋಷ ಹೊರಗಿನ ವಯರಿನಲ್ಲಲ್ಲ, ಡೈನಮೋದ ಹೊಟ್ಟೆಯಲ್ಲೇ. ಎಂಜಿನ್ ನಿಲ್ಲಿಸಿ ಕಿಂಡಿಯ ಪಟ್ಟಿ ಸರಿಸಿದೆ. ಕರೆಂಟನ್ನು ಹೊರಗೆ ತರುವ ಎರಡು ಕಾರ್ಬನ್ ತುಂಡುಗಳಲ್ಲಿ ಒಂದು, ನಾನು ಮೆತ್ತಿದ ಗಂಧದಲ್ಲೇ ಅಂಟಿಕೊಂಡು, ತಿರುಗುವ ತಾಮ್ರವನ್ನು ಮುಟ್ಟದೆ ನಿಂತಿತ್ತು.

ನಾಚಿಕೆಯಾಯಿತು, ಸುಳ್ಳು ಹೇಳುವುದಿಲ್ಲ. ನಾವು ಕೈಮುಗಿದದ್ದನ್ನು ಬಿಚ್ಚಿ ನೋಡಲು ಅಂಜುತ್ತೇವೆ. ಯಂತ್ರಕ್ಕೆ ಕೈಮುಗಿದ ಹಾಗೆಯೇ ಮಿಸ್ತ್ರಿಯ ಮಾತಿಗೂ, ಮನೆಯ ಹಿರಿಯರ ತೀರ್ಪಿಗೂ ಮುಗಿದುಬಿಡುತ್ತೇವೆ. ನನಗೆ ಆ ಭಕ್ತಿ ಸಾಕಾಗಿತ್ತು. ಪೆಟ್ರೋಲಿನ ಬಟ್ಟೆಯಿಂದ ಗಂಧವನ್ನೆಲ್ಲ ತಿಕ್ಕಿ ತೆಗೆದು, ಕಾರ್ಬನ್ ಸಲೀಸಾಗಿ ಜಾರುವಂತೆ ಮಾಡಿ, ಪೆಟ್ರೋಲ್ ಆರಿದ ಮೇಲೆ ಮತ್ತೆ ಎಂಜಿನ್ ಎಬ್ಬಿಸಿದೆ. ಬಲ್ಬ್ ಹೊತ್ತಿತು. ಮಂಚದಿಂದ ಚಪ್ಪಾಳೆ ಕೇಳಿತು.

ಬೆಳಿಗ್ಗೆ ಭಾವ ಗಿರಾಕಿಯೊಡನೆ ಬಂದಾಗ ಹಪ್ಪಳದ ಡಬ್ಬಗಳೆಲ್ಲ ವ್ಯಾನ್ ಏರಿದ್ದವು, ನಾನು ಸ್ಟಿಯರಿಂಗ್ ಹಿಡಿದು ಕುಳಿತಿದ್ದೆ.

“ರಿಪೇರಿ ಮಾಡಿದ್ದು ಯಾರು?” ಎಂದು ಕೇಳಿದರು.

“ಕೆಡಿಸಿದವಳೇ, ಭಾವ” ಎಂದು ಹೇಳಿ, ಅವರು ದಾರಿ ಬಿಡಲೆಂದು ಹಾರ್ನ್ ಹೊಡೆದೆ.