ಗಾಲಿಕುರ್ಚಿಯ ಪರವಾಗಿ ಎರಡು ಮಾತು

ದರ್ಜಿಯ ಮಗಳ ಬಾಯಿಗೆ ಬೀಗವಿಲ್ಲವೆಂದು ಮನೆಮಂದಿಯೆಲ್ಲ ಅವಳನ್ನು ರೇಡಿಯೋ ಎಂದೇ ಕರೆಯುತ್ತಿದ್ದರು. ಅಂಗಡಿಗೆ ಬಂದ ಗಿರಾಕಿಯ ಅಳತೆ ಬರೆದು ಮುಗಿಸುವಷ್ಟರಲ್ಲಿ ಆ ಹತ್ತನೇ ತರಗತಿಯ ಹುಡುಗಿಗೆ ಅವರ ಏಳು ತಲೆಮಾರಿನ ಸುದ್ದಿ ಗೊತ್ತಾಗಿರುತ್ತಿತ್ತು. ಹಾಗಾಗಿ, ಕಿಟಕಿಯ ಪರದೆ ಹೊಲಿಸಲು ಬಂದ ನರ್ಸಮ್ಮನ ಕಣ್ಣು ಅವಳ ಮೇಲೆ ಬಿದ್ದದ್ದು ಆಶ್ಚರ್ಯವೇನಲ್ಲ. ನಿವೃತ್ತಿಯಾದ ಮೇಲೆ ನರ್ಸಮ್ಮ, ನಡೆಯಲಾಗದವರಿಗೆ ಗಾಲಿಕುರ್ಚಿ ಎರವಲು ಕೊಡುವ ಸಂಘವೊಂದನ್ನು ನಡೆಸುತ್ತಿದ್ದರು.

“ಶನಿವಾರ ನಮ್ಮ ಸಂಘದ ಸಭೆ ಇದೆ ಕಣಮ್ಮ. ಹೊಸ ಕುರ್ಚಿಗಳಿಗೆ ಸಹಾಯ ಕೇಳಬೇಕು. ಮುದುಕಿಯರು ಮಾತಾಡಿದ್ರೆ ಜನ ಆಕಳಿಸ್ತಾರೆ. ನಿಮ್ಮಜ್ಜಿಗೂ ನಾವೇ ಕುರ್ಚಿ ಕೊಟ್ಟಿದ್ದಲ್ವಾ? ಅದರಿಂದ ಏನು ಅನುಕೂಲ ಆಯ್ತು ಅಂತ ಐದು ನಿಮಿಷ ಹೇಳಿದ್ರೆ ಸಾಕು.”

ರೇಡಿಯೋ ಹಿಂದೆಮುಂದೆ ನೋಡದೆ ಹೂಂ ಎಂದುಬಿಟ್ಟಳು. ಮನೆಗೆ ಬಂದ ಮೇಲೆ ತಲೆ ಕೆಟ್ಟಿತು. ಮಂಡಿ ಸವೆದಿದೆಯೆಂದು ಆರು ತಿಂಗಳ ಹಿಂದೆ ತಂದ ಆ ಕುರ್ಚಿಯಲ್ಲಿ ಅಜ್ಜಿ ಒಂದು ದಿನವೂ ಕೂತಿರಲಿಲ್ಲ. ಗೋಡೆ ಹಿಡಿದುಕೊಂಡೇ ಮನೆಯೆಲ್ಲ ಓಡಾಡುತ್ತಿದ್ದಳು. ಕುರ್ಚಿಯ ಮೇಲೆ ಒಗೆದ ಬಟ್ಟೆಯ ಗುಡ್ಡೆ.

“ಅಜ್ಜಿ, ಇದರಿಂದ ನಿಂಗೆ ಏನು ಉಪಕಾರ ಆಯ್ತು?”

“ಬಟ್ಟೆ ಮಡಿಸೋವಾಗ ಬಗ್ಗೋದು ತಪ್ತು. ಅದರಲ್ಲಿ ಕೂತ್ರೆ ಕಾಲು ನಡೆಯೋದನ್ನೇ ಮರೆತುಬಿಡುತ್ತೆ, ಹೋಗೇ.”

ಅಪ್ಪನನ್ನು ಕೇಳಿದಳು. ಬಾಯಲ್ಲಿದ್ದ ಗುಂಡುಸೂಜಿ ತೆಗೆಯದೆಯೇ ಅಪ್ಪ, “ಸಂಘದವರ ಮರ್ಯಾದೆ ಉಳಿಸು. ಸುಳ್ಳು ಮಾತ್ರ ಹೇಳ್ಬೇಡ” ಎಂದ. ಅತ್ತ ದರಿ, ಇತ್ತ ಪುಲಿ. ಕೊನೆಗೆ ಅವಳು ಎರಡು ಹಾಳೆ ಬರೆದಳು. ಒಂದರಲ್ಲಿ ಅಜ್ಜಿ ದಿನಾ ಸಂಜೆ ಕುರ್ಚಿಯಲ್ಲಿ ಉದ್ಯಾನ ಸುತ್ತುತ್ತಿದ್ದಳು. ನಿಜ ಬರೆದ ಇನ್ನೊಂದು ಎರಡು ಸಾಲಿಗೇ ನಿಂತಿತ್ತು.

ಶನಿವಾರ ಸಭೆಯಲ್ಲಿ ಅರವತ್ತು ಜನರಿದ್ದರು. ಮೊದಲ ಹಾಳೆ ಹಿಡಿದು, “ನಮ್ಮಜ್ಜಿ ಸಂಜೆಯಾದ್ರೆ ಉದ್ಯಾನಕ್ಕೆ...” ಎಂದು ಶುರುಮಾಡಿದಳು. ಮುಂದಿನ ಸಾಲಿನಲ್ಲಿ ಅಜ್ಜಿಯನ್ನು ಬಲ್ಲ ದಿನಸಿ ಅಂಗಡಿಯವರು ಕಣ್ಣರಳಿಸಿ ನೋಡುತ್ತಿದ್ದರು. ಹುಡುಗಿ ಹಾಳೆ ಮಡಚಿಬಿಟ್ಟಳು.

“ಇಲ್ಲ, ಹೋಗಲ್ಲ. ಅಜ್ಜಿ ಆ ಕುರ್ಚೀಲಿ ಕೂರೋದೇ ಇಲ್ಲ. ನಾವು ಅದರ ಮೇಲೆ ಬಟ್ಟೆ ರಾಶಿ ಹಾಕ್ತೀವಿ. ಅದಕ್ಕೆ ಯಾರೋ ಕಾಯ್ತಿರಬಹುದು ಅಂತ ಇಲ್ಲಿ ನಿಂತ ಮೇಲೆ ಹೊಳೀತು. ನಾಳೆ ವಾಪಸ್ ತಂದುಕೊಡ್ತೀನಿ.”

ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ಯಾಕೆ ನಗುತ್ತಾರೆಂದು ತಿಳಿಯದೆ, ನಮಸ್ಕಾರ ಹೇಳುವುದನ್ನೂ ಮರೆತು ಅವಳು ಕೆಳಗಿಳಿದಳು. ದಿನಸಿಯವರು ಬಂದು, “ನಮ್ಮ ಅಟ್ಟದಲ್ಲೂ ಒಂದು ಕುರ್ಚಿ ಧೂಳು ತಿಂತಿದೆ ಮಗಳೇ, ಅಪ್ಪ ಹೋದಾಗಿನಿಂದ” ಎಂದರು. ವಾರದೊಳಗೆ ಮೂಲೆ ಸೇರಿದ್ದ ಏಳು ಕುರ್ಚಿಗಳು ಸಂಘಕ್ಕೆ ಬಂದವು.

“ಹೊಸ ಕುರ್ಚಿಗೆ ಯಾರೂ ಬಿಡಿಗಾಸು ಬಿಚ್ಚಲಿಲ್ಲ. ಆದ್ರೆ ಕಾಯ್ತಿದ್ದ ಏಳು ಜನಕ್ಕೂ ಕುರ್ಚಿ ಸಿಕ್ತು. ನಿನ್ನ ಬೈಬೇಕೋ ಹೊಗಳಬೇಕೋ ನಂಗೇ ಗೊತ್ತಾಗ್ತಿಲ್ಲ” ಎಂದರು ನರ್ಸಮ್ಮ. ರೇಡಿಯೋಗಂತೂ ಏನೂ ಗೊತ್ತಾಗಲಿಲ್ಲ. ಸಭೆಯ ಸುದ್ದಿ ಕೇಳಿದ ಅಜ್ಜಿ ಎರಡು ದಿನ ಮುಖ ಊದಿಸಿಕೊಂಡಿದ್ದು, “ನನ್ನ ಮಾನ ಹರಾಜು ಹಾಕಿದ್ಯಲ್ಲೇ” ಎಂದಳು. ಮೂರನೇ ದಿನ ಮೆಲ್ಲಗೆ, “ಜನ ಎಷ್ಟು ಹೊತ್ತು ನಕ್ಕರು?” ಎಂದು ಕೇಳಿದಳು.

ಮುಂದಿನ ತಿಂಗಳು ನರ್ಸಮ್ಮ ಅವಳನ್ನು ಮೂಲೆ ಸೇರಿದ ಕುರ್ಚಿಗಳ ಬಗ್ಗೆ ಮಾತಾಡಲು ಬೇರೊಂದು ಶಾಲೆಗೆ ಕಳಿಸಿದರು. ಮಾತು ಮುಗಿದ ಮೇಲೆ ಮೂವರು ಹುಡುಗಿಯರು ಅವಳನ್ನು ಸುತ್ತುವರಿದರು.

“ಅಕ್ಕ, ನಾವೂ ಸಂಘದ ಪರವಾಗಿ ಮಾತಾಡ್ತೀವಿ. ವೇದಿಕೆ ಮೇಲೆ ಏನು ಹೇಳಬೇಕು, ಹೇಳಿಕೊಡಿ.”

ರೇಡಿಯೋ ಕೈಯಲ್ಲಿದ್ದ ಹಾಳೆಯನ್ನು ಚೀಲಕ್ಕೆ ತುರುಕಿದಳು.

“ನಂಗೂ ಸರಿಯಾಗಿ ಗೊತ್ತಿಲ್ಲ ಕಣ್ರೇ. ಶನಿವಾರ ಸಂಘಕ್ಕೆ ಬನ್ನಿ. ಕುರ್ಚಿ ಒರೆಸೋದಿದೆ, ಮನೆಗಳಿಗೆ ತಲುಪಿಸೋದಿದೆ. ಏನು ಹೇಳೋದು ಅಂತ ಆಮೇಲೆ ಯೋಚಿಸೋಣ.”

ಶನಿವಾರ ಆ ಮೂವರಲ್ಲಿ ಇಬ್ಬರು ಬಂದರು.