ನೀರಿಲ್ಲದ ಹಾಲು

ನಿಜಾಮರ ಕಾಲದಾಗ ನಾ ಹಾಲು ತಪಾಸು ಮಾಡೋ ಸಾಹೇಬರ ಕೈಕೆಳಗ ಇದ್ದೆ. ಹಾಲಿನಾಗ ಗಾಜಿನ ಕೊಳವಿ ಬಿಡೋದು ಅವರ ಕೆಲಸ. ನೀರೈತೋ ಇಲ್ಲೋ ಅಂತ ಸಂತಿಗೆಲ್ಲಾ ಕೇಳೂಹಂಗ ಕೂಗೋದು ನಂದು. ನೀರಿದ್ರ ಕೊಳವಿ ಮುಳುಗತಿತ್ತು, ಹಾಲು ಮಣ್ಣುಪಾಲಾಗತಿತ್ತು.

ಒಮ್ಮೆ ಕೆಂಭಾವಿ ಸಂತಿಯೊಳಗ ಎಲ್ಲಾ ಗಡಿಗ್ಯಾಗೂ ಕೊಳವಿ ಮುಳುಗಿತು. ಮುದುಕಿ ನೀಲಮ್ಮನ ಗಡಿಗ್ಯಾಗ ಮಾತ್ರ ನೆಟ್ಟಗ ತೇಲಿತು. ಖುಷಿಲಿಂದ ಕೂಗಿದೆ: "ನೀಲಮ್ಮನ ಹಾಲಿನಾಗ ಹನಿ ನೀರಿಲ್ಲ!"

ಮುದುಕಿ ಎದಿ ಬಡಕೊಂಡಳು. "ನಿನ್ನ ಬಾಯಾಗ ಮಣ್ಣು ಬೀಳ್ಲಿ! ನೀರು ಹಾಕದ ಹಾಲು ಹೊರಗ ಕೊಟ್ರ ಎಮ್ಮಿ ಕೆಚ್ಚಲು ಬತ್ತತೈತಿ. ಅದಕ್ಕಂತನ ನಾಕು ಹನಿ ಹಾಕಿ ತಂದೀನಿ. ನೀರೈತಿ ಅಂತ ಕೂಗು!"

"ನಾಕು ಹನಿ ಈ ಕೊಳವಿಗೆ ಗೊತ್ತಾಗಂಗಿಲ್ಲಬೇ ಯಮ್ಮಾ," ಅಂದೆ.

"ಹೌದೇನು?" ಅಂದಾಕಿನ, ಪಕ್ಕದಾಕಿಯ ತಂಬಗಿ ಕಸಗೊಂಡು ಗಡಿಗ್ಯಾಗ ನೀರು ಸುರುವಿದಳು. ಕೊಳವಿ ಮುಳುಗಿತು. "ಈಗ ಕೂಗು."

ಕೂಗಿದೆ. ಆಕಿ ಸಮಾಧಾನದಿಂದ ಎಲಿಅಡಕಿ ಬಾಯಿಗೆ ಹಾಕ್ಕೊಂಡಳು. ಸಾಹೇಬರು ಕಾನೂನಿನ ಪ್ರಕಾರ ಹಾಲು ಚೆಲ್ಲಿಸಿದರು.

ಅವತ್ತು ಸಾಹೇಬರೂ ನಾನೂ ಹಾಲಿಲ್ಲದ ಚಾ ಕುಡದಿವಿ. ನೀಲಮ್ಮನ ಎಮ್ಮಿ ಮಾತ್ರ ಮುಂದೂ ಗಡಿಗಿ ತುಂಬ ಹಾಲು ಕೊಡತಿತ್ತಂತ. ನಮ್ಮ ತಪಾಸಿನಿಂದ ಯಾರಿಗರೆ ಚಲೋ ಆಗಿದ್ರ, ಅದಕ್ಕೊಂದಕ್ಕ.